ಫಿಲ್ಮಿನ ಮೂಲೆ

ಅವ್ವ,

ನೀನು ಹೋಗಿ ಆರು ವರ್ಷವಾಯಿತು. ಇವತ್ತು ಗೆದ್ದೆ ಕಣವ್ವ!

ಕಬ್ಬು ಕಡಿಯುವಾಗ ಕಾಲಿಗಾದ ಗಾಯ ನಂಜಾಗಿ, ಕೊತ್ತತ್ತಿಯ ಮರಿಯಯ್ಯನನ್ನು ಹೋದ ವಾರ ನಮ್ಮ ಐಸಿಯುಗೆ ತಂದಿದ್ದರು. ಉಸಿರೇ ಸರಿಯಾಗಿ ಆಡುತ್ತಿರಲಿಲ್ಲ, ಗಂಟಲಿಗೆ ನಳಿಕೆ ಹಾಕಿದ್ದರು. ಎಕ್ಸ್‌ರೇ ಯಂತ್ರವನ್ನು ಹಾಸಿಗೆಯ ಬಳಿಗೇ ತಳ್ಳಿಕೊಂಡು ಹೋಗಿ ತೆಗೆದೆ. ಫಿಲ್ಮಿನಲ್ಲಿ ಎರಡೂ ಶ್ವಾಸಕೋಶಗಳು ಬೆಳ್ಳಗಿದ್ದವು. ಹೊಸ ಡಾಕ್ಟರು ನೋಡಿ, "ಹಾರ್ಟ್ ದಪ್ಪ ಆಗಿದೆ, ಅದಕ್ಕೇ ನೀರು ತುಂಬಿದೆ" ಎಂದರು.

"ಸಾರ್, ಇದು ಮಲಗಿಸಿ ತೆಗೆದದ್ದು. ಮಲಗಿದವರ ಹಾರ್ಟ್ ದಪ್ಪವಾಗೇ ಕಾಣುತ್ತೆ. ಮೂಲೆಯಲ್ಲಿ ಬರೆದಿದ್ದೀನಿ, ನೋಡಿ" ಎಂದೆ.

ಟೆಕ್ನಿಷಿಯನ್ ಬಾಯಿ ಹಾಕಿದಳೆಂದು ಮುಖ ಸಿಂಡರಿಸಿದರೂ ಹೃದಯದ ಸ್ಕ್ಯಾನ್ ಮಾಡಿಸಿದರು. ಹೃದಯ ಗಟ್ಟಿಯಾಗಿತ್ತು. ನಂಜಿನ ಪೆಟ್ಟು ಬಿದ್ದದ್ದು ಶ್ವಾಸಕೋಶಕ್ಕೆ. ಚಿಕಿತ್ಸೆ ಅವತ್ತೇ ಬದಲಾಯಿತು.

ಇವತ್ತು ಗಂಟಲಿನ ನಳಿಕೆ ತೆಗೆದರು. ಮರಿಯಯ್ಯ ಬಾಯಿ ಬಿಟ್ಟವನೇ, "ವಸಿ ಮುದ್ದೆ ಕೊಡಮ್ಮಿ, ಒಟ್ಟೆ ಅಸೀತದೆ" ಅಂದ. ಇಡೀ ಐಸಿಯು ನಕ್ಕಿತು.

ಇನ್ನು ಮೇಲೆ ಎಲ್ಲರೂ ನನ್ನ ಹಾಗೇ ಬರೆಯಬೇಕೆಂದು ಡಾಕ್ಟರು ಆರ್ಡರ್ ಮಾಡಿದರು. "ನಿಮಗೆ ಇದನ್ನು ಕಲಿಸಿದ್ದು ಯಾರು?" ಎಂದು ಕೇಳಿದರು.

"ನಮ್ಮವ್ವ" ಎಂದೆ.

ನಿನ್ನನ್ನು ಮಲಗಿಸಿ ಎಕ್ಸ್‌ರೇ ತೆಗೆದವಳೂ ನಾನೇ; ಅವತ್ತೂ ಹಾರ್ಟ್ ದಪ್ಪ ಎಂದೇ ಔಷಧಿ ಕೊಟ್ಟರು. ಅದರ ಮೂಲೆಯಲ್ಲಿ ಏನೂ ಬರೆದಿರಲಿಲ್ಲ.

ಅರುಂಧತಿ