ಪಂಪು ನಿಲ್ಲಿಸಬೇಡಿ

ಅಪ್ಪಾ,

ನೆಲಮಾಳಿಗೆಯ ಪಂಪು ಮತ್ತೆ ನಿಲ್ಲಿಸಿದ್ದೀರಿ. ಗೋಡೆಯ ಬುಡದುದ್ದಕ್ಕೂ ನೆಲ ಒಡೆಸಿ ಕಾಲುವೆ ಮಾಡಿಸಿದ್ದು ಯಾವ ಸಂಪತ್ತಿಗೆ? ಒಸರಿದ ನೀರೆಲ್ಲ ಗುಂಡಿಗೆ ಬರುತ್ತೆ, ಅದನ್ನ ಪಂಪೇ ಹೊರಗೆ ಹಾಕಬೇಕು. ಈಗ ಗುಂಡಿ ಉಕ್ಕಿ, ಕೆಳಗಿಟ್ಟಿದ್ದ ಅಮ್ಮನ ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಗಿದೆ. ಮಹಡಿ ಮೇಲೆ ಹರವಿದ್ದೀನಿ.

ಮಧ್ಯಾಹ್ನ ಆ ಕಾಲುವೆ ಮಾಡಿದ ಮೇಸ್ತ್ರಿ ಬರ್ತಾರೆ. ಪಂಪು ತಾನಾಗೇ ನಿಂತುಹೋಯ್ತು ಅಂತ ಅವರ ಮೇಲೆ ಗೂಬೆ ಕೂರಿಸಬೇಡಿ. ಸ್ವಿಚ್ ಹಾಕಿ ಹೊರಟಿದ್ದೀನಿ, ಹಾಗೇ ಇರಲಿ. ತಿಂಡಿ ಮುಚ್ಚಿಟ್ಟಿದ್ದೀನಿ, ತಣ್ಣಗಾಗೋ ಮುಂಚೆ ತಿನ್ನಿ.

ಯಾಕೆ ನಿಲ್ಲಿಸ್ತೀರಿ ಅಂತ ನನಗೆ ಗೊತ್ತು. ಅಮ್ಮನ ಹಾಸಿಗೆ ಪಕ್ಕ ಹಗಲೂ ರಾತ್ರಿ ಓಡ್ತಿದ್ದ ಆಕ್ಸಿಜನ್ ಮೆಷೀನಿನದೂ ಇದೇ ಸದ್ದು. ನಿಮಗೆ ಅದನ್ನ ಕೇಳೋಕಾಗಲ್ಲ.

ಆದರೆ ಅಪ್ಪಾ, ಆ ಸದ್ದು ನಿಂತಾಗಲೆಲ್ಲ ನಾನು ಅಮ್ಮನ ಕೋಣೆಗೆ ಓಡ್ತೀನಿ. ಖಾಲಿ ಮಂಚ ನೋಡಿ ವಾಪಸ್ ಬರ್ತೀನಿ.