ಎರಡನೇ ಹಾಸಿಗೆಯ ಪಕ್ಕದ ಬೇಸಿನ್

ಪಂಪ್ ಕೋಣೆ, ಆಸ್ಪತ್ರೆಯ ಹಿಂಭಾಗ
ಹದಿನಾಲ್ಕನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

"ಕಣ್ಣಿಗೆ ಕಾಣದ್ದನ್ನ ತೊಳೆಯೋದು ಹೇಗೋ" ಎಂದು ನೀನು ಕೇಳಿದ್ದೆ. ಅಥವಾ "ತೊಳೆದಾಯ್ತು ಅಂತ ಗೊತ್ತಾಗೋದು ಹೇಗೋ" ಎಂದಿರಬೇಕು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು, ಮಾತಿನ ಅರ್ಧ ಎಲ್ಲೋ ಸೋರಿಹೋಗಿದೆ. ಐಸಿಯು ಬಾಗಿಲಲ್ಲಿ ನಿಂತು, ಯಾರೋ ಸ್ವಲ್ಪ ಹೊತ್ತು ಹಿಡಿದಿರು ಎಂದು ಕೊಟ್ಟುಹೋದ ಸಾಮಾನಿನಂತೆ ನಿನ್ನ ಅಂಗೈಗಳನ್ನೇ ನೋಡುತ್ತಿದ್ದೆಯಲ್ಲ, ಅದು ಮಾತ್ರ ಹಾಗೇ ಉಳಿದಿದೆ. ಕ್ಷೇಮ ವಿಚಾರಿಸುವ ಮೊದಲೇ ಇದನ್ನು ಎತ್ತಿದೆ, ಬೈದುಕೋ. ನಿನ್ನ ಮಂಡಿ ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ಇಲ್ಲಿ ಅಮ್ಮ ಹುಷಾರಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಹುಷಾರು. ಹೃದಯದ ಕವಾಟದ ಆಪರೇಷನ್ ಮುಂದಿನ ವಾರದ ಗುರುವಾರ. ಆಮೇಲೆ ಎರಡು ಮೂರು ದಿನ ನಮ್ಮ ಐಸಿಯುನಲ್ಲೇ ಇರಬೇಕು. ಕವಾಟ ಸೋರುತ್ತಿದೆ ಎಂದು ಡಾಕ್ಟರು ಹೇಳಿದಾಗ ಅಮ್ಮ ನನ್ನ ಕಡೆ ತಿರುಗಿ, "ಊರವರ ನಲ್ಲಿಯೆಲ್ಲ ರಿಪೇರಿ ಮಾಡ್ದೆ, ಇದೊಂದು ನಿನ್ನ ಕೈಲಾಗ್ಲಿಲ್ವಾ" ಎಂದಳು. ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಿನ್ನ ಕಾಗದ ಬಂತು. ಬರುವುದಿಲ್ಲ, ಬಂದರೂ ಬಾಗಿಲಲ್ಲೇ ನಿಲ್ಲುತ್ತೇನೆ, ಅಮ್ಮನನ್ನು ಮುಟ್ಟುವುದಿಲ್ಲ ಎಂದು ಬರೆದಿದ್ದೀಯ. ಅದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ, ನನಗೆ ಬರುವುದನ್ನೇ ಬರೆಯೋಣ ಅನ್ನಿಸಿತು. ನನಗೆ ಬರುವುದು ಪೈಪು. ಆದ್ದರಿಂದ ಇದು ಒಂದು ಬೇಸಿನ್ನಿನ ಸಮಾಚಾರ, ಬೇಸರ ಮಾಡಿಕೊಳ್ಳದೆ ಓದು.

ನಮ್ಮಲ್ಲಿ ಒಬ್ಬ ಸಿಸ್ಟರ್ ಇದ್ದಾರೆ. ಯಾರು ಕೈ ತೊಳೆದರು, ಯಾರು ಇಲ್ಲ ಎಂದು ಗುರುತು ಹಾಕಿಕೊಳ್ಳುವುದೇ ಅವರ ಕೆಲಸ. ಎಲ್ಲರೂ ಅವರನ್ನು ಸಿಐಡಿ ಎನ್ನುತ್ತಾರೆ, ಅವರಿಗೂ ಗೊತ್ತು. ಕಾಯಿಲೆ ವಾಸಿ ಮಾಡಿಕೊಳ್ಳಲು ಬಂದವರಿಗೆ ಇಲ್ಲೇ ಹೊಸ ಸೋಂಕು ಅಂಟಬಾರದು ಎಂಬುದು ಅವರ ಹಟ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, "ಈ ನಳಿಕೆ ಇವತ್ತೂ ಬೇಕಾ, ತೆಗೀಬಹುದಾ?" ಎಂದು ಡಾಕ್ಟರನ್ನು ಕೇಳುತ್ತಾರೆ. ಮೈಯೊಳಗೆ ಹೋಗುವ ಒಂದೊಂದು ನಳಿಕೆಯೂ ತೆರೆದಿಟ್ಟ ಬಾಗಿಲಂತೆ. ಒಬ್ಬ ದೊಡ್ಡ ಡಾಕ್ಟರು ಅವರನ್ನು ಕಂಡ ಕೂಡಲೇ ಎರಡೂ ಕೈ ಮೇಲೆತ್ತಿ, "ತೊಳ್ದಿದೀನಮ್ಮಾ ತಾಯಿ, ಹೊಡೀಬೇಡಿ" ಅನ್ನುತ್ತಾರೆ. ವರ್ಷದ ಹಿಂದೆ ನೂರಕ್ಕೆ ನಲವತ್ತು ಸಲ ತೊಳೆಯುತ್ತಿದ್ದ ಕೈಗಳು ಎಂಬತ್ತಕ್ಕೆ ಏರಿದವು. ಸೋಂಕೂ ಇಳಿಯಿತು. ಆದರೆ ಮೂರು ಹಾಸಿಗೆಗಳಲ್ಲಿ ಮಾತ್ರ ಏರಿತು. ಒಂದು, ಎರಡು, ಮೂರು. ಕಿಟಕಿಯ ಕಡೆಯ ಸಾಲು. ಎರಡನೆಯದು ನಿನಗೆ ನೆನಪಿರಲೇಬೇಕು, ಅಪ್ಪ ಮಲಗಿದ್ದದ್ದು ಅಲ್ಲೇ.

ಹೆಚ್ಚು ತೊಳೆದಷ್ಟೂ ಹೆಚ್ಚು ಸೋಂಕು. ಇದು ಹೇಗೆ? ಸಿಐಡಿ ಸಿಸ್ಟರ್ ಹಾಸಿಗೆ ಬದಲಿಸಿದರು, ಪರದೆ ಒಗೆಸಿದರು, ಒಂದು ಇಡೀ ವಾರ ಕಿಟಕಿಯನ್ನೇ ಅನುಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕಾದ್ದೂ ಇರಲಿಲ್ಲ. ಎರಡನೇ ಹಾಸಿಗೆಯ ಪಕ್ಕದ ಬೇಸಿನ್ನಿನಲ್ಲಿ ನೀರು ನಿಲ್ಲುತ್ತಿದೆ ಎಂದು ದೂರು ಬಂತು, ಹೋದೆ. ಕೆಳಗಿನ ಬಾಗು ಪೈಪು ಬಿಚ್ಚಿದರೆ ಲೋಳೆ, ಲೋಳೆಯ ಜೊತೆ ಚಹಾದ ಸೊಪ್ಪು, ಹಾಲಿನಂಥ ಏನೋ ಒಂದು ಗಟ್ಟಿ. ವಿಚಾರಿಸಿದೆ. ರೋಗಿಗೆ ಮೂಗಿನ ನಳಿಕೆಯಲ್ಲಿ ಕೊಡುವ ಆಹಾರ ಉಳಿದರೆ ಇದರಲ್ಲೇ ಸುರಿಯುತ್ತಾರಂತೆ, ತಾವು ಕುಡಿದುಳಿದ ಚಹಾವನ್ನೂ. ಕೊಳೆನೀರು ಚೆಲ್ಲುವ ಕೋಣೆ ಕಾರಿಡಾರಿನ ಆ ತುದಿಗಿದೆ, ಯಾರು ಹೋಗುತ್ತಾರೆ? ತಪ್ಪು ಅಂತಲೂ ಯಾರಿಗೂ ಅನ್ನಿಸಿಲ್ಲ. ತೊಳೆಯುವ ಜಾಗಕ್ಕೆ ಏನು ಹಾಕಿದರೂ ತೊಳೆದುಹೋಗುತ್ತದೆ ಎಂಬ ನಂಬಿಕೆ ನಮ್ಮೆಲ್ಲರದು. "ಸಿಸ್ಟರ್, ಇಲ್ಲಿ ಯಾರನ್ನೋ ಸಾಕ್ತಿದೀರಿ, ಹೊತ್ತು ಹೊತ್ತಿಗೆ ಊಟ ಹೋಗ್ತಿದೆ" ಎಂದು ಸಿಐಡಿ ಸಿಸ್ಟರನ್ನು ಕರೆದು ಹೇಳಿದೆ. ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಪೈಪಿನೊಳಗೆ ಟಾರ್ಚು ಬಿಟ್ಟು ನೋಡಿದರು.

ಆ ಸಾಲು ಬಣ್ಣ ಹೊಡೆಯಲು ಖಾಲಿಯಾಗಿದ್ದ ದಿನ ನಾವಿಬ್ಬರೂ ಒಂದು ಪರೀಕ್ಷೆ ಮಾಡಿದೆವು. ವಿಶೇಷ ದೀಪಕ್ಕೆ ಮಾತ್ರ ಹೊಳೆಯುವ ಹಸಿರು ಬಣ್ಣವನ್ನು ಬೇಸಿನ್ನಿನ ತೂತಿಗೆ ಸುರಿದು, ನಲ್ಲಿ ಬಿಟ್ಟು, ಎಲ್ಲರೂ ತೊಳೆಯುವಷ್ಟೇ ಹೊತ್ತು ಕೈ ತೊಳೆದೆವು. ಪರದೆ ಎಳೆದು ದೀಪ ಹಾಕಿದೆವು. ಅಕ್ಕಾ, ಅದನ್ನು ಹೇಗೆ ಬರೆಯಲಿ? ನಲ್ಲಿಯ ನೀರು ನೆಟ್ಟಗೆ ತೂತಿಗೇ ಬೀಳುತ್ತಿತ್ತು, ತೂತಿನೊಳಗಿದ್ದದ್ದು ಚಿಮ್ಮಿ ಮೇಲೆ ಬರುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ ಇಂಜೆಕ್ಷನ್ ಸಿದ್ಧಮಾಡುವ ತಟ್ಟೆಯಲ್ಲಿ ಹಸಿರು ಚುಕ್ಕಿ. ಎರಡನೇ ಹಾಸಿಗೆಯ ಕಂಬಿಯ ಮೇಲೆ ಚುಕ್ಕಿ. ಸಿಸ್ಟರ್ ಕನ್ನಡಕದ ಮೇಲೆ, ನನ್ನ ಜೇಬಿನ ಪೆನ್ನಿನ ಮೇಲೆ. ಚೆಂದವಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಚೆಂದವಾಗಿತ್ತು. ಸಿಸ್ಟರ್ ಕನ್ನಡಕ ತೆಗೆದು ಅದರ ಚುಕ್ಕಿಗಳನ್ನು ನೋಡಿ, "ಬೇಲಿನೇ ಎದ್ದು ಹೊಲ ಮೇಯ್ತಿತ್ತಲ್ರೀ" ಎಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ತೊಳೀರಿ ತೊಳೀರಿ ಅಂತ ಎಲ್ಲರನ್ನೂ ಇಲ್ಲಿಗೆ ಓಡಿಸ್ತಿದ್ದೋಳು ನಾನೇ."

ಬೇಸಿನ್ ತೆಗೆದು ದೂರದ ಗೋಡೆಗೆ ಹಾಕಿದೆ. ನೀರು ತೂತಿಗೆ ನೇರ ಬೀಳದಂತೆ ನಲ್ಲಿಯನ್ನು ಓರೆ ಮಾಡಿದೆ, ಸುತ್ತ ಗಾಜಿನ ತಡೆ ಕಟ್ಟಿದೆ. ಪ್ರತಿ ಹಾಸಿಗೆಯ ಕಂಬಿಗೂ, ನೀರಿಲ್ಲದೆ ಕೈಗೆ ಹಚ್ಚಿಕೊಳ್ಳುವ ದ್ರಾವಣದ ಬಾಟಲಿ ಬಂತು. ಚಹಾ ಸುರಿದವರ ಹೆಸರು ಬರೆದುಕೊಳ್ಳುವ ಅಧಿಕಾರ ನನಗೆ ಸಿಕ್ಕಿದೆ. ಈಗ ನನ್ನನ್ನೂ ಜನ ದೂರದಿಂದ ಕಂಡೇ ಲೋಟ ಬಚ್ಚಿಡುತ್ತಾರೆ. ಐದು ತಿಂಗಳಾಯಿತು, ಆ ಮೂರು ಹಾಸಿಗೆಗಳಲ್ಲಿ ಅಂಥ ಸೋಂಕು ಒಂದೂ ಇಲ್ಲ. ಎಂಟನೆಯದರಲ್ಲಿ ಒಂದು ಬಂತು, ಬೇರೆ ದಾರಿಯಿಂದ. ಆ ದಾರಿ ಯಾವುದೆಂದು ಸಿಸ್ಟರ್ ಇನ್ನೂ ಹುಡುಕುತ್ತಿದ್ದಾರೆ. ಎಲ್ಲದಕ್ಕೂ ಬೇಸಿನ್ನೇ ಕಾರಣ ಎಂದು ನಾನು ಹೇಳುತ್ತಿಲ್ಲ.

ಆದರೆ ಅಪ್ಪನ ಫೈಲು ತೆಗೆಸಿ ನೋಡಿದೆ. ನೀನು ಬಸ್ಸಿಳಿದು ನೇರ ಬಂದು ಅವನ ಕೈ ಹಿಡಿದದ್ದು ಮೂರನೇ ದಿನ. "ಕೈ ತೊಳೆದ್ರಾ?" ಎಂದು ನರ್ಸು ಕೇಳಿದ್ದು ಆಮೇಲೆ. ಜ್ವರ ಬಂದದ್ದು ಐದನೇ ದಿನ, ಒಂಬತ್ತನೇ ದಿನ ಅಪ್ಪ ಇಲ್ಲ. ಇದು ಇಲ್ಲೇ ಅಂಟಿದ ಸೋಂಕು ಎಂದು ಡಾಕ್ಟರು ಹೇಳಿದಾಗ ನೀನು ಆ ಮಾತನ್ನು ಎತ್ತಿಕೊಂಡು ಹೋದೆ, ಇನ್ನೂ ಕೆಳಗಿಟ್ಟಿಲ್ಲ. ಫೈಲಿನಲ್ಲಿದ್ದ ರೋಗಾಣುವಿನ ಹೆಸರೂ ಪೈಪಿನ ಲೋಳೆಯಲ್ಲಿ ಬೆಳೆದದ್ದರ ಹೆಸರೂ ಒಂದೇ. ಲ್ಯಾಬಿನವನನ್ನು ಕೇಳಿದೆ. "ಒಂದೇ ಮನೆತನ ಅನ್ನಬಹುದು, ಇವನೇ ಅವನು ಅಂತ ಆಣೆ ಮಾಡೋಕಾಗಲ್ಲ" ಎಂದ. ಮತ್ತೆ, "ಬಸ್ಸಿನ ಕಂಬಿ ಹಿಡ್ಕೊಂಡು ಬರೋ ಜಾತಿಯಲ್ಲ ಬಿಡಿ ಇದು, ನೀರಲ್ಲಿರೋ ಪ್ರಾಣಿ" ಎಂದೂ ಅಂದ. ಅಷ್ಟೇ ಗೊತ್ತಿರುವುದು. ಗೊತ್ತಿರುವುದಕ್ಕಿಂತ ಒಂದು ಮಾತು ಹೆಚ್ಚು ಬರೆಯಬಾರದು ಎಂದುಕೊಂಡೇ ಕೂತಿದ್ದೇನೆ.

ನಿನ್ನೆ ಅಮ್ಮನ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದೆ. "ಪೈಪ್ ಹಿಡ್ದಂಗೆ ಹಿಡೀತೀಯಲ್ಲೋ, ಅವಳನ್ನ ಕರಿ" ಎಂದಳು. ನಿನ್ನ ಹೆಸರು ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ. ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಪ್ರೀತಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಮ್ಮ

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಬೇಸಿನ್ ಅಲ್ಲಿ ಕೂರಿಸಿದವನು ನಾನೇ, ಅಪ್ಪ ಸೇರುವ ಎರಡು ತಿಂಗಳ ಮೊದಲು. ನೀರು ನೇರ ತೂತಿಗೆ ಬಿದ್ದರೆ ಬೇಸಿನ್ ಚೊಕ್ಕವಾಗಿರುತ್ತದೆ ಎಂಬುದು ನನ್ನದೇ ಜಾಣತನ. ಅಪ್ಪನಿಗೆ ಮೊದಲು ಕೊಟ್ಟಿದ್ದದ್ದು ಏಳನೇ ಹಾಸಿಗೆ. ಬೇಸಿನ್ ಪಕ್ಕದಲ್ಲಿದ್ದರೆ ಎಲ್ಲರೂ ಕೈ ತೊಳೆದೇ ಅವನನ್ನು ಮುಟ್ಟುತ್ತಾರೆ ಎಂದು ಹೆಡ್ ಸಿಸ್ಟರನ್ನು ಕಾಡಿ ಬೇಡಿ ಎರಡನೆಯದಕ್ಕೆ ಹಾಕಿಸಿದೆ. ಇದನ್ನು ನಿನಗೆ ಹೇಳಿರಲಿಲ್ಲ. ಗುರುವಾರ ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುತ್ತಾರೆ. ಈಗ ನೀನೇ ಹೇಳು ಅಕ್ಕಾ, ನಮ್ಮಿಬ್ಬರಲ್ಲಿ ಅಮ್ಮನ ಕೈ ಹಿಡಿಯಬೇಕಾದವರು ಯಾರು, ಬಾಗಿಲಲ್ಲಿ ನಿಲ್ಲಬೇಕಾದವರು ಯಾರು?