ನೂರಿಪ್ಪತ್ತು ಎಡಗೈ ತೋಳು

ಅಂಗಡಿಯ ಕತ್ತರಿ ಮೇಜಿನಿಂದ,
ಜೂನ್ ೧೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೇ? ಅಳಿಯಂದಿರು ಹೊಸ ಕೆಲಸಕ್ಕೆ ಹೊಂದಿಕೊಂಡರೇ? ಹೋದ ವಾರ ಫೋನಿನಲ್ಲಿ ರೇಗಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಮಾತ್ರೆಯ ಪಾರ್ಸೆಲ್ಲು ಎರಡು ದಿನ ತಡವಾಯಿತೆಂದು ಯಾರಾದರೂ ಮಗಳನ್ನು ಹಾಗೆ ಬೈಯುತ್ತಾರೆಯೇ? ನನಗೇ ನಾಚಿಕೆಯಾಗಿದೆ.

ಮೊದಲು ನನ್ನ ಮಾನ ಹೋದ ಸುದ್ದಿ ಕೇಳು. ಶಾಲೆಯ ಅರವತ್ತು ಅಂಗಿ ಹೊಲಿಯಲು ಬಂದಿದ್ದವು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ತೋಳಿನ ಅಚ್ಚನ್ನು ಒಮ್ಮೆ ನೇರ, ಒಮ್ಮೆ ಮಗುಚಿ ಇಟ್ಟು ಗುರುತು ಹಾಕಬೇಕು, ಎಡಗೈಗೊಂದು, ಬಲಗೈಗೊಂದು. ನಿನಗೇ ಇದು ಎಂಟು ವರ್ಷಕ್ಕೆ ಗೊತ್ತಿತ್ತು. ನಾನು ಮಗುಚಲೇ ಇಲ್ಲ. ನೂರಿಪ್ಪತ್ತು ತೋಳು, ಎಲ್ಲ ಎಡಗೈಯವೇ! ಗುಂಡಿ ಹೊಲಿಯುವ ಅಜ್ಜಿ ಒಂದೊಂದೇ ಎತ್ತಿ ನೋಡಿ, "ಮಾಸ್ಟ್ರೇ, ಈ ಮಕ್ಕಳಿಗೆ ಬಲಗೈಯೇ ಇಲ್ವಾ?" ಅಂದಳು. ನಾನೂ ನಕ್ಕೆ. ಆಮೇಲೆ ಮೇಜಿನ ಮೇಲಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ಪು ಅವಳ ಕಣ್ಣಿಗೆ ಬಿತ್ತು. ಅವತ್ತು ಬೆಳಿಗ್ಗೆ ನಾಲ್ಕು ನುಂಗಿದ್ದೆ. ಅವಳು ಮತ್ತೆ ನಗಲಿಲ್ಲ. ಮೂವತ್ತೈದು ವರ್ಷ ಕತ್ತರಿ ಹಿಡಿದ ಕೈ, ಪುಟ್ಟೀ. ಬಟ್ಟೆ ಹಾಳಾದದ್ದು ಹಾಗಿರಲಿ, ಕತ್ತರಿಸುವಾಗ ತಪ್ಪು ಗೊತ್ತೇ ಆಗಲಿಲ್ಲವಲ್ಲ, ಅದಕ್ಕೆ ಹೆದರಿಬಿಟ್ಟೆ.

ಬೆನ್ನಿನ ಆಪರೇಷನ್ ಆಗಿ ನಾಲ್ಕು ವರ್ಷವಾಯಿತು. ಆಗ ನೋವಿಗೆ ದಿನಕ್ಕೆ ಎರಡೇ ಮಾತ್ರೆ, ಚಟ ಹತ್ತಿಸುವಂಥದ್ದು. ಡಾಕ್ಟರಮ್ಮ ಪ್ರತಿ ಸಲವೂ ಒಂದು ಹಾಳೆ ಹಿಡಿದು ಅವೇ ಪ್ರಶ್ನೆ ಕೇಳುತ್ತಿದ್ದರು: ಮನೆಯಲ್ಲಿ ಯಾರಿಗಾದರೂ ಕುಡಿತದ ಚಟವಿತ್ತೇ? ನಿದ್ರೆ ಕೆಡುತ್ತದೆಯೇ? ಮನಸ್ಸಿಗೆ ಬೇಸರವೇ? ಹೇಳಿದ್ದಕ್ಕಿಂತ ಹೆಚ್ಚು ನುಂಗುತ್ತೀರಾ? ಊರಿಗೆಲ್ಲ ಅಳತೆ ತೆಗೆಯುವವನ ಅಳತೆಯನ್ನೇ ಇವರು ತೆಗೆಯುತ್ತಾರಲ್ಲ ಎಂದು ಸಿಟ್ಟು ಬರುತ್ತಿತ್ತು. ಎಲ್ಲಕ್ಕೂ ಇಲ್ಲ ಅಂದೆ. ನಿನ್ನ ತಾತ ಜ್ವರದಿಂದ ಸಾಯಲಿಲ್ಲ ಮಗಳೇ, ಕುಡಿದು ಕುಡಿದೇ ಹೋದದ್ದು. ನಿನ್ನಮ್ಮ ತೀರಿಕೊಂಡ ಮೇಲೆ ಹಾಸಿಗೆಯ ಆ ಪಕ್ಕ ನೋಡಲಾರದೆ, ಬೆನ್ನು ನೋಯದ ದಿನವೂ ನುಂಗಿದ್ದೇನೆ. ನಿದ್ದೆಗೆಂದು ಇನ್ನೊಬ್ಬ ಡಾಕ್ಟರ ಹತ್ತಿರ ಬೇರೆ ಮಾತ್ರೆ ಬರೆಸಿಕೊಂಡೆ. ಇವರಿಗೆ ಅದು ಗೊತ್ತಿಲ್ಲ, ಅವರಿಗೆ ಇದು ಗೊತ್ತಿಲ್ಲ. ನಾನೇನು ಕುಡುಕನೇ, ಡಾಕ್ಟರೇ ಬರೆದುಕೊಟ್ಟದ್ದಲ್ಲವೇ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನಿನ್ನೆ ಆ ಗುಂಡಿಯ ಅಜ್ಜಿಯೇ ನನ್ನನ್ನು ಆಸ್ಪತ್ರೆಗೆ ಹೊರಡಿಸಿದಳು. ಅದೇ ಹಾಳೆಯ ಎಲ್ಲ ಪ್ರಶ್ನೆಗೂ ಹೌದು ಅಂದೆ. ಡಾಕ್ಟರಮ್ಮ ಬೈಯಲಿಲ್ಲ. "ಇವತ್ತಾದ್ರೂ ಹೇಳಿದ್ರಲ್ಲ" ಅಂದರು. ಒಮ್ಮೆಲೇ ನಿಲ್ಲಿಸುವುದು ಅಪಾಯವಂತೆ, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರಂತೆ. ಡಬ್ಬಿ ಇನ್ನು ಅಜ್ಜಿಯ ಕೈಯಲ್ಲಿ. ಗುಂಡಿ ಎಣಿಸಿ ಪಳಗಿದವಳ ಹತ್ತಿರ ನನ್ನ ಆಟ ನಡೆಯುವುದಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮನೆ ಸದಾ ನಗುನಗುತ್ತಿರಲಿ.

ನಿನ್ನ ಅಪ್ಪ

ಇದೊಂದು ಬರೆಯಲು ಕೈ ಬಂದಿರಲಿಲ್ಲ: ಈ ಮಾತ್ರೆ ನಮ್ಮೂರಲ್ಲಿ ಸಿಗುವುದಿಲ್ಲ ಎಂದಿದ್ದೆನಲ್ಲ, ಸುಳ್ಳು. ಇಲ್ಲಿ ಕೊಂಡದ್ದನ್ನೂ ನುಂಗಿ, ಡಾಕ್ಟರ ಚೀಟಿ ತೋರಿಸಿ ನೀನು ಅಲ್ಲಿಂದ ಕೊಂಡು ಕಳಿಸಿದ್ದನ್ನೂ ನುಂಗುತ್ತಿದ್ದೆ. ನಿನ್ನ ತಪ್ಪೇನೂ ಇಲ್ಲ. ಇನ್ನು ಕಳಿಸಬೇಡ. ನಾನು ಫೋನ್ ಮಾಡಿ ಬೇಡುತ್ತೇನೆ, ಅಳುತ್ತೇನೆ, ನಿನ್ನಮ್ಮನ ಆಣೆ ಹಾಕುತ್ತೇನೆ, ಈ ಕಾಗದವೇ ಸುಳ್ಳೆಂದರೂ ಅಂದೇನು. ಆಗ ಇಲ್ಲ ಅನ್ನು ಮಗಳೇ. ಫೋನ್ ಮಾತ್ರ ಇಟ್ಟುಬಿಡಬೇಡ.